ಬೇರೆ ಕೈ ಬೀಳದ ಗಾಡಿ

ಆಣೆ ಹಾಕುವುದಕ್ಕೆ ಮೊದಲು ಲೋಲಾಕ್ಷಿ ಎಂಟು ವರ್ಷ ಶಾಲೆಯ ಗಾಡಿ ಓಡಿಸಿದ್ದಳು, ಒಂದು ಕೋಳಿಯನ್ನೂ ಚಕ್ರದಡಿಗೆ ಹಾಕಿರಲಿಲ್ಲ. ಇದನ್ನು ಅವಳೇ ಹೇಳಿಕೊಳ್ಳುತ್ತಿದ್ದಳು, ಕೇಳಿದವರಿಗೂ ಕೇಳದವರಿಗೂ. ಲಾಯಿಲದ ಸುತ್ತಿನ ಎಂಟು ಮಕ್ಕಳನ್ನು ಬೆಳಿಗ್ಗೆ ಉಜಿರೆಯ ಶಾಲೆಗೆ ಬಿಟ್ಟು ಸಂಜೆ ಅವರವರ ಅಂಗಳಕ್ಕೆ ತಲುಪಿಸುವ ಹೆಂಗಸು ಇದನ್ನಲ್ಲದೆ ಇನ್ನೇನನ್ನು ಹೇಳಿಕೊಳ್ಳಬೇಕು? ಗಾಡಿ ಹಳೆಯದು, ಬಾಗಿಲು ಎಳೆದರೆ ಊರಿಗೆಲ್ಲ ಕೇಳುತ್ತದೆ, ಇವೆಲ್ಲ ತಾಯಂದಿರಿಗೆ ಗೊತ್ತಿತ್ತು. ಆದರೂ 'ಲೋಲಾಕ್ಷಕ್ಕ ಉಂಟಲ್ಲ' ಎಂಬ ಒಂದೇ ಧೈರ್ಯದ ಮೇಲೆ ಅವರು ಮಕ್ಕಳನ್ನು ಹತ್ತಿಸುತ್ತಿದ್ದರು.

ಅವಳು ಹುಟ್ಟಿದ್ದು ಘಟ್ಟದ ಬುಡದ ಒಂದು ಊರಿನಲ್ಲಿ. ಅಪ್ಪನ ಜೀಪಿನಲ್ಲಿ ರಬ್ಬರ್ ಶೀಟು ಸಾಗಿಸುತ್ತ, ಲೈಸೆನ್ಸು ಸಿಗುವ ವಯಸ್ಸಿಗೆ ಮೊದಲೇ ಸ್ಟೇರಿಂಗ್ ಹಿಡಿದವಳು. ಮದುವೆಯಾದದ್ದು ತುಕ್ರಪ್ಪನನ್ನು. ಅವನದು ರಬ್ಬರ್ ಟ್ಯಾಪಿಂಗಿನಲ್ಲಿ ಪಳಗಿದ ಕೈ. ಬೆಳಕು ಹರಿಯುವ ಮೊದಲೇ ತೋಟಕ್ಕಿಳಿದು, ತೊಗಟೆಯನ್ನು ಬೆರಳಲ್ಲಿ ಸವರಿ ನೋಡಿ, ಮರಕ್ಕೆ ನೋವಾಗದ ಹಾಗೆ ಗೀರು ಹಾಕುತ್ತಿದ್ದ. ತುಕ್ರಪ್ಪ ಗೀರಿದ ಮರ ಹತ್ತು ವರ್ಷ ಹೆಚ್ಚು ಹಾಲು ಕೊಡುತ್ತದೆ ಎಂದು ಎಸ್ಟೇಟಿನ ಸಾಹುಕಾರರೇ ಹೇಳುತ್ತಿದ್ದರು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ನೆರಳು ಬೆಳಕು ಮಾತ್ರ ಉಳಿಯಿತು. ಆಗ ಲೋಲಾಕ್ಷಿ ಹಳೆಯ ಬಿಳಿ ವ್ಯಾನೊಂದನ್ನು ಹಿಡಿದು, ಗಂಡನನ್ನು ಕರೆದುಕೊಂಡು ಲಾಯಿಲಕ್ಕೆ ಬಂದು ಬಾಡಿಗೆ ಮನೆ ಮಾಡಿದಳು.

ಮನೆಯಲ್ಲಿ ಸುಮ್ಮನೆ ಕೂತಿರುವುದು ತುಕ್ರಪ್ಪನಿಗೆ ಗೊತ್ತಿಲ್ಲದ ಕೆಲಸ. ಬಂದ ವಾರದಲ್ಲೇ ಗಾಡಿ ತೊಳೆಯುವುದನ್ನು ತನ್ನದು ಮಾಡಿಕೊಂಡ. ದಿನಾ ಬೆಳಿಗ್ಗೆ ಒಂದು ಬಕೆಟ್ ನೀರು, ಒಂದು ಹಳೆಯ ಬನಿಯನ್. ಗಾಜಿನಿಂದ ಶುರು ಮಾಡಿ ಚಕ್ರದವರೆಗೆ ಅಂಗೈಯಲ್ಲೇ ನೋಡುತ್ತ ಹೋಗುತ್ತಿದ್ದ. ಹಿಂದಿನ ಎಡ ಟಯರಿನಲ್ಲಿ ಗಾಳಿ ಕಡಿಮೆ, ಬಾಗಿಲ ಕೆಳಗೆ ತುಕ್ಕು ಹಿಡಿಯುತ್ತಿದೆ, ಮುಂದಿನ ದೀಪದ ಗಾಜು ಬಿರಿದಿದೆ ಎಂದು ಅವನು ಹೇಳಿದ್ದು ಒಂದು ಸಲವೂ ತಪ್ಪಿರಲಿಲ್ಲ. ಲೋಲಾಕ್ಷಿ ಹಾಕಿದ ಕಟ್ಟಳೆ ಒಂದೇ: ಹೊರಗಿನದೆಲ್ಲ ನಿಮ್ಮದು, ಬಾನೆಟ್ಟಿನ ಒಳಗೆ ಮಾತ್ರ ಹೋಗಬೇಡಿ. ಅವನು ಆಯ್ತು ಅಂದಿದ್ದ. ತೊಳೆದು ಮುಗಿದ ಮೇಲೆ ಬನಿಯನ್ ಹಿಂಡಿ ತಂತಿಗೆ ಹಾಕಿ, 'ಹೂಂ, ಹೊರಡು' ಅನ್ನುವಾಗ ಅವನ ಮುಖದಲ್ಲಿ ಹಳೆಯ ಎಸ್ಟೇಟಿನ ಗತ್ತು ಇರುತ್ತಿತ್ತು.

ಈ ವರ್ಷ ಮೇ ತಿಂಗಳ ಕೊನೆಗೆ, ಶಾಲೆ ಶುರುವಾಗುವ ಮೊದಲು, ಬ್ರೇಕಿನ ಕೆಲಸ ಬಂತು. ಗಾಡಿ ಹೋದದ್ದು ಗುರುವಾಯನಕೆರೆಯ ರುಕ್ಮಯ್ಯನ ಗ್ಯಾರೇಜಿಗೆ. ರುಕ್ಮಯ್ಯ ನಗುವ ಜಾತಿಯ ಮನುಷ್ಯ ಅಲ್ಲ. ಮೂವತ್ತು ವರ್ಷದಿಂದ ಎಂಜಿನ್ನುಗಳ ಹತ್ತಿರ ಮಾತಾಡಿ ಮಾತಾಡಿ ಮನುಷ್ಯರ ಹತ್ತಿರ ಮಾತಾಡುವುದನ್ನು ಮರೆತವನು ಎಂದು ಜನ ತಮಾಷೆ ಮಾಡುತ್ತಿದ್ದರು. ಆದರೆ ದೊಡ್ಡ ಶೋರೂಮಿನವರು ಕೊಡದ ಒಂದನ್ನು ಅವನು ಕೊಡುತ್ತಿದ್ದ. ಬಿಲ್ಲಿನ ಕೆಳಗೆ ತನ್ನ ಕೈಯಿಂದಲೇ ಬರೆಯುತ್ತಿದ್ದ: 'ಆರು ತಿಂಗಳು ಗ್ಯಾರಂಟಿ. ಬೇರೆ ಕೈ ಬೀಳಬಾರದು.' ಬರೆದಂತೆ ನಡೆದುಕೊಳ್ಳುತ್ತಲೂ ಇದ್ದ. ಆ ದಿನ ಜೊತೆಗೆ ಹೋಗಿದ್ದ ತುಕ್ರಪ್ಪ ಬೆಂಚಿನ ಮೇಲೆ ಕೂತಿದ್ದ. ಕೀ ಕೊಡುವಾಗ ರುಕ್ಮಯ್ಯ ಇಬ್ಬರಿಗೂ ಕೇಳುವಂತೆ ಹೇಳಿದ:

"ಬ್ರೇಕ್ ಆಯಿಲ್ ಕಡಿಮೆ ಆಗ್ಲಿಕ್ಕೆ ಬಿಡ್ಬೇಡಿ. ಕಡಿಮೆ ಕಂಡ್ರೆ ನನ್ನ ಹತ್ರ ತನ್ನಿ."

ಮೊದಲ ಸಲ ಬ್ರೇಕ್ ಕೈಕೊಟ್ಟದ್ದು ಆಗಸ್ಟಿನಲ್ಲಿ, ಲಾಯಿಲದ ಇಳಿಜಾರಿನಲ್ಲಿ. ಒಳಗೆ ಎಂಟೂ ಮಕ್ಕಳಿದ್ದರು. ಪೆಡಲ್ ಒತ್ತಿದರೆ ಅದು ಕೆಸರಿಗೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಲೋಲಾಕ್ಷಿ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬದಿಯ ಮಣ್ಣಿನ ದಿಬ್ಬಕ್ಕೆ ಗಾಡಿಯನ್ನು ಒರಗಿಸಿ ನಿಲ್ಲಿಸಿದಳು. ಮುಂದಿನ ಸೀಟಿನಲ್ಲಿದ್ದ ಸಾತ್ವಿಕಾ ಎಂಬ ಮೂರನೇ ಕ್ಲಾಸಿನ ಹುಡುಗಿ, "ಲೋಲಾಕ್ಷಕ್ಕ, ಇಲ್ಲಿ ಯಾಕೆ ನಿಲ್ಲಿಸಿದ್ದು?" ಎಂದು ಕೇಳಿದಳು. "ನವಿಲು ದಾಟಿತು" ಎಂದು ಲೋಲಾಕ್ಷಿ ಹೇಳಿದಳು. ಮಕ್ಕಳೆಲ್ಲ ಕಿಟಕಿಯಲ್ಲಿ ನವಿಲು ಹುಡುಕುತ್ತಿರುವಾಗ ಅವಳು ಹ್ಯಾಂಡ್ ಬ್ರೇಕಿನಿಂದ ಕೈ ತೆಗೆಯಲಿಲ್ಲ.

ರುಕ್ಮಯ್ಯ ಅದೇ ದಿನ ಗಾಡಿ ನೋಡಿದ. ಪೈಪಿನಲ್ಲಿ ಗಾಳಿ ಸೇರಿರಬೇಕು ಎಂದು ಗಾಳಿ ತೆಗೆದು ಕೊಟ್ಟ. ಹನ್ನೆರಡು ದಿನ ಕಳೆಯಿತು, ಶಾಲೆಯ ಗೇಟಿನ ಎದುರೇ ಪೆಡಲ್ ಮತ್ತೆ ಕೆಳಗೆ ಹೋಯಿತು. ಈ ಸಲ ಅವನು ಮಾತಿಲ್ಲದೆ ಬ್ರೇಕಿನ ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರುಗಳನ್ನು ಗ್ಯಾರಂಟಿಯ ಲೆಕ್ಕದಲ್ಲಿ ಹೊಸದು ಹಾಕಿದ. ಮೂರನೇ ಸಲ ಆದಾಗ ಮಾತ್ರ ಹಳೆಯ ಆಯಿಲನ್ನೆಲ್ಲ ಒಂದು ಗಾಜಿನ ಬಾಟ್ಲಿಗೆ ಸುರಿದು, ಬೆಂಚಿನ ಮೇಲಿಟ್ಟು, ಲೋಲಾಕ್ಷಿಯನ್ನು ಕರೆದ. ಬಾಟ್ಲಿಯಲ್ಲಿ ಕೆಳಗೊಂದು ಪದರ, ಮೇಲೊಂದು ಪದರ, ಎರಡು ಬಣ್ಣ.

"ಇದರಲ್ಲಿ ಬೇರೆ ಆಯಿಲ್ ಬಿದ್ದಿದೆ," ಎಂದ ರುಕ್ಮಯ್ಯ. "ಅದಕ್ಕೇ ರಬ್ಬರ್ ಉಬ್ಬುವುದು. ಯಾರ ಹತ್ರ ತೋರಿಸಿದ್ದು?"

"ಯಾರ ಹತ್ರವೂ ಇಲ್ಲ. ನಿಮ್ಮಲ್ಲಿ ಬಿಟ್ರೆ ಈ ಗಾಡಿಯ ಬಾನೆಟ್ ಎಲ್ಲಿಯೂ ಎತ್ತಲಿಲ್ಲ."

"ಹಾಗಾದ್ರೆ ಆಯಿಲ್ ತಾನಾಗಿ ಬಂತಾ?"

"ಅದನ್ನು ನೀವು ಹೇಳ್ಬೇಕು. ಹಾಕಿದ್ದು ನೀವಲ್ವಾ?"

ಪಿಕಪ್ ಓಡಿಸುವ ರಹ್ಮತ್ ತನ್ನ ಗಾಡಿಯ ಕೆಲಸಕ್ಕೆಂದು ಅಲ್ಲೇ ಕೂತಿದ್ದ. ಇನ್ನಿಬ್ಬರು ಗಿರಾಕಿಗಳೂ ಇದ್ದರು. ಅವರ ಎದುರಿಗೆ ರುಕ್ಮಯ್ಯ ಕೈ ಒರೆಸಿಕೊಳ್ಳುತ್ತ ಹೇಳಿದ: "ನೋಡಿ ಅಕ್ಕ, ಹೆಂಗಸರು ಗಾಡಿ ಓಡಿಸಿದ್ರೆ ಇದೇ ಕಷ್ಟ. ದಾರಿಯಲ್ಲಿ ಯಾವನೋ ಒಬ್ಬ ನೋಡುವ ಅಂದ್ರೆ ಬಾನೆಟ್ ತೆಗೆದು ಕೊಡ್ತೀರಿ, ಮತ್ತೆ ನಮ್ಮ ಹತ್ರ ಸುಳ್ಳು ಹೇಳ್ತೀರಿ. ಬೇರೆ ಕೈ ಬಿದ್ದಿದೆ. ಇನ್ನು ಗ್ಯಾರಂಟಿ ಇಲ್ಲ."

ಹೆಂಗಸರು ಎಂಬ ಮಾತನ್ನು ಅವಳು ಎಂಟು ವರ್ಷದಿಂದ ಕೇಳಿದ್ದಳು, ಸಹಿಸಿದ್ದಳು. ಸುಳ್ಳು ಎಂಬ ಮಾತು ಹೊಸತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಗಾಡಿಗೆ ಹೋಗಿ, ಸ್ಟೇರಿಂಗ್ ಹತ್ತಿರ ಕಲ್ಲುರ್ಟಿ ದೈವದ ಹೆಸರಲ್ಲಿ ತೆಗೆದಿಟ್ಟಿದ್ದ ನಾಣ್ಯವನ್ನು ತಂದು ರುಕ್ಮಯ್ಯನ ಬೆಂಚಿನ ಮೇಲಿಟ್ಟಳು.

"ಕಲ್ಲುರ್ಟಿ ಅಮ್ಮನ ಆಣೆ. ನನ್ನ ಗಾಡಿಗೆ ಬೇರೆ ಕೈ ಬೀಳಲಿಲ್ಲ. ಸುಳ್ಳು ಯಾರದ್ದು ಅಂತ ಅವಳೇ ನೋಡ್ಲಿ."

ರುಕ್ಮಯ್ಯ ಕೈಯಲ್ಲಿದ್ದ ಸ್ಪಾನರನ್ನು ಮೆಲ್ಲನೆ ಕೆಳಗಿಟ್ಟ. "ನೀವು ಹೀಗೆ ಮಾಡ್ಬಾರ್ದಿತ್ತು," ಎಂದ. ಅಷ್ಟೇ.

ಕೋರ್ಟಿಗೆ ಹೋದವರು ಬೇಕಾದರೆ ಹೊರಗಿನ ಹೋಟೆಲಿನಲ್ಲಿ ಒಂದೇ ಮೇಜಿನಲ್ಲಿ ಚಾ ಕುಡಿಯುತ್ತಾರೆ. ಈ ಕಡೆಯ ಆಣೆಯಲ್ಲಿ ಅದೆಲ್ಲ ನಡೆಯುವುದಿಲ್ಲ. ದೈವದ ಹೆಸರು ಹೇಳಿ ನಾಣ್ಯ ಇಟ್ಟ ಕ್ಷಣದಿಂದ ಎರಡು ಮನೆಗಳ ನಡುವೆ ಒಂದು ಲೋಟ ನೀರೂ ದಾಟುವುದಿಲ್ಲ. ಇವರದ್ದನ್ನು ಅವರು ಮುಟ್ಟುವಂತಿಲ್ಲ, ಅವರದ್ದನ್ನು ಇವರು. ಇಬ್ಬರೂ ದೈವದ ಎದುರು ನಿಂತು ಆಣೆ ಬಿಡಿಸಿಕೊಳ್ಳುವವರೆಗೆ ಹಾಗೆಯೇ. ಗ್ಯಾರಂಟಿಯಲ್ಲಿ ಇನ್ನೂ ಎರಡೂವರೆ ತಿಂಗಳು ಉಳಿದಿತ್ತು. ಆದರೆ ಗಾಡಿ ಮುಟ್ಟದ ಮೆಕ್ಯಾನಿಕ್ ಯಾವ ಗ್ಯಾರಂಟಿ ಕೊಡುತ್ತಾನೆ? ಕೋಪದಲ್ಲಿ ಲೋಲಾಕ್ಷಿ ತನ್ನ ಬಿಲ್ಲನ್ನು ತಾನೇ ಹರಿದು ಹಾಕಿದಂತಾಗಿತ್ತು, ಅದು ಅವಳಿಗೆ ಹೊಳೆದದ್ದು ದಾರಿಯಲ್ಲಿ.

ರಹ್ಮತ್ ಪಿಕಪ್ಪಿಗೆ ಹಗ್ಗ ಕಟ್ಟಿ ಗಾಡಿಯನ್ನು ಎಳೆದುಕೊಂಡು ಹೋದ. ಹೋದದ್ದು ಮೂಡಬಿದಿರೆಗೆ, ಅವನಿಗೆ ಪರಿಚಯದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ. ಅಲ್ಲಿಯೂ ಅದೇ ಮಾತು. ಒಳಗೆ ಬೇರೆ ಆಯಿಲ್ ಬಿದ್ದಿದೆ, ಪೈಪಿನಿಂದ ಹಿಡಿದು ಎಲ್ಲ ಬದಲಿಸಬೇಕು. "ಯಾರು ಹಾಕಿದ್ದು?" ಎಂದು ಆತ ಕೇಳಿದ. "ಗ್ಯಾರಂಟಿ ಕೊಟ್ಟವರೇ," ಎಂದಳು ಲೋಲಾಕ್ಷಿ. ಹೇಳುವಾಗ ಅವಳಿಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಒಳಗೆ ಕೈ ಹಾಕಿದವನು ಒಬ್ಬನೇ ಎಂದ ಮೇಲೆ ಹಾಕಿದ್ದು ಅವನಲ್ಲದೆ ಇನ್ಯಾರು?

ಸಾತ್ವಿಕಾಳ ತಾಯಿ ಶಶಿಪ್ರಭಾ ಬೆಳ್ತಂಗಡಿಯಲ್ಲಿ ವಕೀಲೆ. ಆಕೆ ಬಿಲ್ಲು ನೋಡಿ, ಮಂಗಳೂರಿನ ಗ್ರಾಹಕರ ಆಯೋಗಕ್ಕೆ ದೂರು ಕೊಡುವ, ನಾನೇ ಬರೆದು ಕೊಡ್ತೇನೆ ಎಂದಳು. ಲೋಲಾಕ್ಷಿ ಬೇಡ ಅಂದಳು. ಅಮ್ಮನ ಹತ್ತಿರ ಹೇಳಿದ ಮೇಲೆ ಮತ್ತೆ ಮಂಗಳೂರಿಗೆ ಹೋಗಿ ಹೇಳುವುದು ಅಮ್ಮನಿಗೆ ಅವಮಾನ ಅಲ್ವಾ ಎಂದು ಕೇಳಿದಳು. ವಕೀಲೆಗೆ ಇದಕ್ಕೆ ಯಾವ ಸೆಕ್ಷನ್ನೂ ಸಿಗಲಿಲ್ಲ. ಬ್ರೇಕಿನ ಸುದ್ದಿ ಕೇಳಿ ಮಕ್ಕಳನ್ನು ಬಸ್ಸಿಗೆ ಹಾಕಿದ್ದವರೆಲ್ಲ ಆಣೆಯ ಸುದ್ದಿ ಕೇಳಿ ಹಿಂದಕ್ಕೆ ಬಂದರು. ದೈವದ ಹೆಸರು ಹೇಳಿ ಯಾರಾದರೂ ಸುಳ್ಳಾಡುತ್ತಾರೆಯೇ? ಗಾಡಿ ಮೂಡಬಿದಿರೆಯಿಂದ ಬಂದ ದಿನ ಎಂಟೂ ಮಕ್ಕಳು ಹತ್ತಿದರು.

ಆಮೇಲೆ ಲೋಲಾಕ್ಷಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಬಂಟ್ವಾಳದಲ್ಲಿ ನೆಂಟರ ಹೊಸ ಮನೆಯ ಒಕ್ಕಲಿಗೆ ಹೋದಾಗ ಊಟದ ಪಂಕ್ತಿಯಲ್ಲೇ ಕಥೆ ತೆಗೆದಳು. ರುಕ್ಮಯ್ಯ ಹೇಳಿದ್ದು, ತಾನು ನಾಣ್ಯ ಇಟ್ಟದ್ದು, ಅವನ ಮುಖ ಕಪ್ಪಿಟ್ಟದ್ದು. ಸಾರು ಬರುವುದರೊಳಗೆ ಆ ಪಂಕ್ತಿಯ ಜನಕ್ಕೆಲ್ಲ ರುಕ್ಮಯ್ಯನ ಗ್ಯಾರೇಜಿನ ಗುರುತು ಸಿಕ್ಕಿತ್ತು. ಬಂಟ್ವಾಳದ ಕಡೆಯಿಂದ ಅವನಲ್ಲಿಗೆ ಬರುತ್ತಿದ್ದ ಗಾಡಿಗಳು ಒಂದೊಂದಾಗಿ ನಿಂತವು.

ನವೆಂಬರ್ ಎರಡನೇ ವಾರದಲ್ಲಿ ರುಕ್ಮಯ್ಯನ ಕೈ ಮೇಲೆ ಜೀಪು ಕೂತಿತು. ಜಾಕು ಜಾರಿತ್ತು. ಬಲಗೈಯ ಎರಡು ಬೆರಳು ಹೋದವು. ಹಳೆಯ ಜಾಕು ಜಾರಲಿಕ್ಕೆ ದೈವ ಬರಬೇಕೆಂದಿಲ್ಲ, ಸವೆದ ಹಲ್ಲು ಸಾಕು. ಆದರೆ ಹಾಗೆ ಹೇಳುವವರು ಆ ದಿನ ಊರಲ್ಲಿ ಇರಲಿಲ್ಲ. ಸುದ್ದಿ ಲೋಲಾಕ್ಷಿಗೆ ಸಿಕ್ಕಿದ್ದು ರಹ್ಮತನಿಂದ, ಉಜಿರೆಯ ಪೆಟ್ರೋಲ್ ಬಂಕಿನಲ್ಲಿ. "ನಿಮ್ಮ ಕಲ್ಲುರ್ಟಿ ಅಮ್ಮ ತೋರಿಸಿಯೇ ಬಿಟ್ರು ಅಂತ ಹೇಳ್ತಿದ್ದಾರೆ ಜನ," ಎಂದ. ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಲೋಲಾಕ್ಷಿಗೆ ಮೊದಲು ಬಂದದ್ದು ಸಂತೋಷವೇ, ಅದನ್ನು ಮುಚ್ಚಿಡುವುದು ಬೇಡ. ಬಂಕಿನಿಂದ ರಸ್ತೆಗೆ ಇಳಿಯುವವರೆಗೆ ಅದು ಇತ್ತು. ಎರಡನೇ ಗೇರಿಗೆ ಹಾಕುವಾಗ ಅವಳ ಕಣ್ಣು ತನ್ನದೇ ಬೆರಳುಗಳ ಮೇಲೆ ಬಿತ್ತು.

ಅದಾಗಿ ಮೂರು ವಾರಕ್ಕೆ ರುಕ್ಮಯ್ಯನ ಹೆಂಡತಿ ಜಲಜಾಕ್ಷಿ ಬಂದಳು. ಅಂಗಳದ ಆಚೆ, ಗೇಟಿನ ಹೊರಗೇ ನಿಂತಳು. ಬಿಸಿಲಿನಲ್ಲಿ ನಡೆದು ಬಂದಿದ್ದಳು, ತುಟಿ ಒಣಗಿತ್ತು. ಲೋಲಾಕ್ಷಿಯ ಬಾಯಿಗೆ 'ಒಳಗೆ ಬನ್ನಿ, ಬೆಲ್ಲ ನೀರು ಕುಡಿಯಿರಿ' ಎಂಬ ಮಾತು ತಾನಾಗಿ ಬಂತು, ಅವಳೇ ಅದನ್ನು ನುಂಗಿಕೊಂಡಳು.

"ಈ ತಿಂಗಳ ಸಂಕ್ರಾಂತಿಗೆ ಅಮ್ಮನಲ್ಲಿ ತಪ್ಪುಕಾಣಿಕೆ ಹಾಕ್ತೇವೆ," ಎಂದಳು ಜಲಜಾಕ್ಷಿ. "ನೀವೂ ಬನ್ನಿ. ಬಿಡಿಸಿ ಕೊಡಿ ನಮಗೆ."

"ಅವರು ಒಪ್ಪಿಕೊಂಡ್ರಾ?"

"ಒಪ್ಪುವುದು ಎಂತದು. ಅವತ್ತು ಎರಡು ಡಬ್ಬಿ ಹತ್ರ ಹತ್ರ ಇತ್ತು, ನಾನೇ ತಪ್ಪಿ ತೆಗೆದಿರ್ಬೇಕು ಅಂತ ಈಗ ಹೇಳ್ತಾರೆ. ಮೂವತ್ತು ವರ್ಷ ಕಣ್ಣು ಮುಚ್ಚಿ ಆಯಿಲ್ ಹಾಕಿದ ಮನುಷ್ಯ. ಈಗ ಅಡುಗೆಮನೆಯ ತೆಂಗಿನೆಣ್ಣೆಯನ್ನೂ ಮೂಸಿ ನೋಡಿಯೇ ಒಳಗೆ ಇಡುವುದು. ನನಗೆ ಬೆರಳು ಹೋದದ್ದಕ್ಕಿಂತ ಅದು ಹೆದರಿಕೆ ಆಗ್ತದೆ."

ಬರುತ್ತೇನೆ ಎಂದಳು ಲೋಲಾಕ್ಷಿ. ಜಲಜಾಕ್ಷಿ ತಿರುಗಿ ಬಿಸಿಲಿಗೆ ನಡೆದಳು.

ಮರುದಿನ ಆದಿತ್ಯವಾರ. ಮಳೆಗಾಲದಲ್ಲಿ ಬೆಳೆದ ಹುಲ್ಲು ಗಾಡಿ ನಿಲ್ಲಿಸುವ ಜಾಗದವರೆಗೆ ಬಂದಿತ್ತು. ಲೋಲಾಕ್ಷಿ ಹುಲ್ಲು ಹೊಡೆಯುವ ಮೆಷಿನ್ ಕೆಳಗಿಳಿಸಿ, ಅದರ ಆಯಿಲಿಗೆಂದು ಕೊಟ್ಟಿಗೆಯ ಅಟ್ಟಕ್ಕೆ ಕೈ ಹಾಕಿದಳು. ಅಲ್ಲಿ ಎರಡು ಬಾಟ್ಲಿ ಒಟ್ಟಿಗೆ ನಿಂತಿದ್ದವು, ಒಂದೇ ಎತ್ತರ, ಒಂದೇ ಗಾತ್ರ, ಎರಡೂ ಪ್ಲಾಸ್ಟಿಕ್. ಒಂದು ಮೆಷಿನ್ನಿನ ಆಯಿಲ್. ಇನ್ನೊಂದು ಬ್ರೇಕ್ ಆಯಿಲ್, ತುರ್ತಿಗೆ ಇರಲಿ ಎಂದು ಮೇ ತಿಂಗಳಲ್ಲಿ ತಂದಿಟ್ಟದ್ದು. ಮೆಷಿನ್ನನ್ನು ಮಳೆ ಶುರುವಾದ ಮೇಲೆ ಯಾರೂ ಮುಟ್ಟಿರಲಿಲ್ಲ. ಆದರೂ ಅದರ ಆಯಿಲ್ ಅರ್ಧಕ್ಕೆ ಇಳಿದಿತ್ತು. ಬ್ರೇಕ್ ಆಯಿಲಿನ ಬಾಟ್ಲಿಯ ಮುಚ್ಚಳದ ಸೀಲು ಒಡೆದಿರಲಿಲ್ಲ.

ಅವಳು ಎರಡನ್ನೂ ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಬೆರಳಲ್ಲೇ ಸವರಿ ನೋಡಿದಳು. ಆಮೇಲೆ ಅವನ್ನು ಅಲ್ಲೇ ಇಟ್ಟು ಜಗಲಿಗೆ ಬಂದಳು. ತುಕ್ರಪ್ಪ ಗುಡಿಸುವ ಹಿಡಿಸೂಡಿಗೆಂದು ತೆಂಗಿನ ಗರಿ ಸೀಳುತ್ತ ಕೂತಿದ್ದ.

"ನೀವು ಗಾಡಿಗೆ ಆಯಿಲ್ ಏನಾದ್ರೂ ಹಾಕಿದ್ದುಂಟಾ?"

"ಬ್ರೇಕಿಗಾ? ಹಾಕಿದ್ದೇನೆ," ಎಂದ ಅವನು, ಕೈ ನಿಲ್ಲಿಸದೆ. "ಜುಲೈಯಲ್ಲಿ ನಿನಗೆ ಜ್ವರ ಬಂದಿತ್ತಲ್ಲ, ಆ ವಾರ. ಬೆರಳು ಹಾಕಿ ನೋಡಿದೆ, ಕೆಳಗೆ ಇಳಿದಿತ್ತು. ಕಡಿಮೆ ಆಗ್ಲಿಕ್ಕೆ ಬಿಡ್ಬೇಡಿ ಅಂತ ರುಕ್ಮಯ್ಯನೇ ಹೇಳಿದ್ದಲ್ವಾ. ಅಟ್ಟದಿಂದ ತೆಗೆದು ಸ್ವಲ್ಪ ಸ್ವಲ್ಪ ಮೂರು ಸಲ ಹಾಕಿದೆ. ಬಾನೆಟ್ ಮುಟ್ಟಬೇಡ ಅಂದಿದ್ದಿ, ಬೈತೀ ಅಂತ ಹೇಳ್ಲಿಲ್ಲ."

"ನಾನು ಆಣೆ ಹಾಕಿದ್ದು ನಿಮಗೆ ಗೊತ್ತಿತ್ತಲ್ಲ. ಬೇರೆ ಕೈ ಬೀಳಲಿಲ್ಲ ಅಂತ."

"ಗೊತ್ತಿತ್ತು. ಬೀಳಲಿಲ್ಲವಲ್ಲ."

"ನೀವು ಹಾಕಿದ್ದು?"

ತುಕ್ರಪ್ಪ ಈಗ ಕತ್ತಿ ನಿಲ್ಲಿಸಿ ಅವಳ ದನಿಯ ಕಡೆಗೆ ಮುಖ ತಿರುಗಿಸಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನನ್ನದು ಬೇರೆ ಕೈ ಹೇಗಾಗ್ತದೆ ಮಾರಾಯ್ತಿ?"

ಬಾಟ್ಲಿಯ ವಿಷಯವನ್ನು ಅವಳು ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಎಸ್ಟೇಟಿನಲ್ಲಿ ತಪ್ಪದ ಕೈ, ಟಯರಿನ ಗಾಳಿಯಲ್ಲಿ ತಪ್ಪದ ಕೈ, ಆ ಒಂದು ಬಿಗುಮಾನದ ಮೇಲೆ ಅವನು ದಿನಾ ಎದ್ದು ಕೂರುತ್ತಿದ್ದ. "ಏನಿಲ್ಲ, ಕೇಳಿದೆ," ಎಂದು ಅವಳು ಒಳಗೆ ಹೋದಳು.

ಲೋಲಾಕ್ಷಿಯನ್ನು ದೇವತೆ ಮಾಡುವುದು ಬೇಡ. ಸಂಕ್ರಾಂತಿಗೆ ಒಂದು ವಾರವಿತ್ತು, ಆ ಒಂದು ವಾರ ಅವಳು ಬಾಯಿ ಬಿಡಲಿಲ್ಲ. ಬಿಡಬಾರದು ಎಂದೇ ಹೆಚ್ಚಿನ ಹೊತ್ತು ಯೋಚಿಸಿದಳು. ಗೊತ್ತಿರುವುದು ತನಗೊಬ್ಬಳಿಗೆ. ರುಕ್ಮಯ್ಯ ಹೇಗೂ ತನ್ನದೇ ತಪ್ಪು ಎಂದುಕೊಂಡಿದ್ದಾನೆ, ಕಾಣಿಕೆ ಹಾಕುತ್ತಾನೆ, ಆಣೆ ಬಿಡುತ್ತದೆ, ಎಲ್ಲರೂ ನೀರು ಕುಡಿದು ಮನೆಗೆ ಹೋಗುತ್ತಾರೆ. ತಾನು ಬಾಯಿ ಬಿಟ್ಟರೆ? ಆಣೆ ಹಾಕಿ ಸುಳ್ಳು ಹೇಳಿದವಳ ಗಾಡಿಗೆ ಯಾವ ತಾಯಿ ಮಗುವನ್ನು ಹತ್ತಿಸುತ್ತಾಳೆ? ಗೊತ್ತಿಲ್ಲದೆ ಹೇಳಿದ್ದು ಎಂದರೆ ಊರು ಕೇಳುತ್ತದೆಯೇ? ಗಾಡಿ ಓಡಿಸುವಾಗಲೂ ಇದೇ ಮಂಡೆಬಿಸಿ. ಅದರ ನಡುವೆ ರುಕ್ಮಯ್ಯ ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಮೂಸುವುದು ಕಣ್ಣಿಗೆ ಕಟ್ಟುತ್ತಿತ್ತು. ಅದನ್ನು ಅವಳು ನೋಡಿರಲಿಲ್ಲ, ಆದರೂ ಅದೇ ಹೆಚ್ಚು ಕಾಡುತ್ತಿತ್ತು.

ಸಂಕ್ರಾಂತಿಯ ಬೆಳಿಗ್ಗೆ ಅವಳು ಗಂಡನಿಗೆ, ನೀವು ಮನೆಯಲ್ಲಿರಿ, ದಾರಿ ಸರಿ ಇಲ್ಲ ಎಂದಳು. ತುಕ್ರಪ್ಪ ಕೇಳಲಿಲ್ಲ. ಆಣೆ ಬಿಡಿಸುವಾಗ ಎರಡೂ ಮನೆಯವರು ಇರಬೇಕು, ಅದು ಕ್ರಮ. ಅವನು ಬಿಳಿ ಮುಂಡು ಉಟ್ಟು ಅವಳಿಗಿಂತ ಮೊದಲು ಗಾಡಿ ಹತ್ತಿ ಕೂತಿದ್ದ.

ಕಲ್ಲುರ್ಟಿಯ ಗುಡಿ ಲಾಯಿಲದಿಂದ ನಾಲ್ಕು ಮೈಲಿ ಒಳಗೆ. ದೈವದ ಚಾಕರಿ ಮಾಡುವ ಮುದುಕ ದೀಪ ಹಚ್ಚಿ, ಎರಡೂ ಮನೆಯವರನ್ನು ಎಡಕ್ಕೆ ಬಲಕ್ಕೆ ನಿಲ್ಲಿಸಿದ. ನಡುವೆ ಕೊಚ್ಚಿದ ಎಳನೀರು ಒಂದು ಇತ್ತು. ಆಣೆ ಬಿಟ್ಟ ಮೇಲೆ ಎರಡು ಕಡೆಯವರೂ ಅದನ್ನೇ ಕುಡಿಯಬೇಕು. ರುಕ್ಮಯ್ಯನ ಬಲಗೈಗೆ ಇನ್ನೂ ಬಟ್ಟೆ ಸುತ್ತಿತ್ತು. ವೀಳ್ಯದೆಲೆಯನ್ನೂ ಕಾಣಿಕೆಯನ್ನೂ ಎಡಗೈಯಲ್ಲಿ ಹಿಡಿದಿದ್ದ, ಬಲಗೈಯ ಮಣಿಕಟ್ಟನ್ನು ಅದಕ್ಕೆ ತಾಗಿಸಿಕೊಂಡಿದ್ದ. ದೈವಕ್ಕೆ ಎಡಗೈಯಲ್ಲಿ ಕೊಡಬಾರದಲ್ಲ.

"ಅಮ್ಮಾ, ಇವರ ಗಾಡಿಯಲ್ಲಿ ನನ್ನ ಕೈ ತಪ್ಪಿರಬಹುದು," ಎಂದು ಅವನು ಶುರು ಮಾಡಿದ. ಎಂಜಿನ್ನಿನ ಹತ್ತಿರ ಮಾತಾಡುವ ಅದೇ ಸಣ್ಣ ದನಿ. "ನನಗೆ ನೆನಪಿಲ್ಲ. ಆದ್ರೆ ತಪ್ಪಿರಬಹುದು. ಇವರನ್ನು ಸುಳ್ಳಿ ಅಂತ ಹೇಳಿದ್ದೇನೆ. ಅದೂ ತಪ್ಪು."

ಮುದುಕ ಲೋಲಾಕ್ಷಿಯ ಕಡೆ ತಿರುಗಿದ. "ನಿಮಗೆ ಏನಾದ್ರೂ ಹೇಳ್ಲಿಕ್ಕುಂಟಾ? ಇಲ್ಲದಿದ್ರೆ ಕಾಣಿಕೆ ತಕ್ಕೊಳ್ತೇನೆ."

ಇದು ವಾಡಿಕೆಯ ಪ್ರಶ್ನೆ. ಇಲ್ಲ ಅಂದರೆ ಎಲ್ಲ ಮುಗಿಯುತ್ತಿತ್ತು. ಲೋಲಾಕ್ಷಿ ಇಲ್ಲ ಅನ್ನಲಿಕ್ಕೇ ಬಾಯಿ ತೆರೆದದ್ದು.

"ಅವರು ಹಾಕುವುದು ಬೇಡ," ಎಂದು ಅವಳ ಬಾಯಿಂದ ಬಂತು. "ತಪ್ಪು ಅವರದ್ದಲ್ಲ."

ಮುದುಕ ಕಾಣಿಕೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಹೇಳಿದ: "ಹಾಗಾದ್ರೆ ನೀವು ತೆಗೀಬೇಕು. ಯಾವ ಮಾತಿನಲ್ಲಿ ಹಾಕಿದ್ರೋ ಅದೇ ಮಾತಿನಲ್ಲಿ."

ಅವಳು ಕಾಲ ಕೆಳಗಿನ ನೆಲ ನೋಡಿದಳು. "ನನ್ನ ಗಾಡಿಗೆ ಬೇರೆ ಕೈ ಬಿದ್ದಿತ್ತು."

"ಯಾರದ್ದು?"

"ಇವರದ್ದು. ನನ್ನ ಗಂಡಂದು. ಬ್ರೇಕಿನ ಆಯಿಲ್ ಅಂತ ಹುಲ್ಲಿನ ಮೆಷಿನ್ನಿನ ಆಯಿಲ್ ಹಾಕಿದ್ರು. ಕಣ್ಣು ಕಾಣುವುದಿಲ್ಲ ಅವರಿಗೆ. ಆಣೆ ಹಾಕುವಾಗ ನನಗೆ ಗೊತ್ತಿರ್ಲಿಲ್ಲ. ಕಳೆದ ಆದಿತ್ಯವಾರದಿಂದ ಗೊತ್ತುಂಟು."

ತುಕ್ರಪ್ಪ ಅವಳ ಪಕ್ಕದಲ್ಲೇ ನಿಂತಿದ್ದ. ಅವಳು ಆ ಕಡೆ ನೋಡಲಿಲ್ಲ. ಜಲಜಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಅದು ಸಮಾಧಾನದ ಅಳು ಅಲ್ಲ. "ಕಳೆದ ಆದಿತ್ಯವಾರದಿಂದ ಗೊತ್ತುಂಟಂತೆ," ಎಂದಳು ಗಂಡನಿಗೆ. ರುಕ್ಮಯ್ಯ ಅವಳನ್ನು ತಡೆದ.

"ಎಷ್ಟು ಹಾಕಿದ್ರಿ ತುಕ್ರಪ್ಪಣ್ಣ?" ಎಂದು ಕೇಳಿದ. ಮೆಕ್ಯಾನಿಕ್ ಕೇಳುವ ಪ್ರಶ್ನೆ.

"ಅರ್ಧ ಬಾಟ್ಲಿ," ಎಂದ ತುಕ್ರಪ್ಪ. ದನಿ ಅವನದ್ದರ ಹಾಗೆ ಇರಲಿಲ್ಲ.

"ಹಾಗಾದ್ರೆ ಸರಿಯೇ," ಎಂದ ರುಕ್ಮಯ್ಯ. "ಅದಕ್ಕೇ ಎರಡು ಪದರ." ಅವನು ಬಟ್ಟೆ ಸುತ್ತಿದ ತನ್ನ ಕೈಯನ್ನು ಎತ್ತಿ, ಕಳೆದುಹೋದದ್ದು ಸಿಕ್ಕಿದವನ ಹಾಗೆ ಬಹಳ ಹೊತ್ತು ನೋಡಿದ. ಬೆರಳುಗಳಂತೂ ಸಿಗುವಂತಿರಲಿಲ್ಲ.

ಲೋಲಾಕ್ಷಿ ತಪ್ಪುಕಾಣಿಕೆ ಹಾಕಿದಳು. ಎಳನೀರು ಕೈಯಿಂದ ಕೈಗೆ ಹೋಯಿತು. ರುಕ್ಮಯ್ಯ ಕುಡಿದ. ಜಲಜಾಕ್ಷಿ ತುಟಿಗೆ ಮುಟ್ಟಿಸಿ ಕೊಟ್ಟಳು. ತುಕ್ರಪ್ಪ ಕುಡಿದನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಹೊರಡುವಾಗ ರುಕ್ಮಯ್ಯ ಅವಳ ಮುಖ ನೋಡದೆ ಹೇಳಿದ: "ಗಾಡಿ ಒಮ್ಮೆ ತನ್ನಿ, ನೋಡಿ ಕೊಡ್ತೇನೆ. ಗ್ಯಾರಂಟಿ ಮುಗಿದು ಹದಿನೈದು ದಿನ ಆಯ್ತು."

ಮಕ್ಕಳ ತಾಯಂದಿರಿಗೆ ಊರು ಹೇಳುವ ಮೊದಲು ತಾನೇ ಹೇಳಬೇಕೆಂದು ಅವಳು ಅದೇ ಸಂಜೆ ಮನೆಮನೆಗೆ ಹೋದಳು. ಕೆಲವರು ಹೋಗ್ಲಿ ಬಿಡಿ ಅಂದರು. ಕೆಲವರು ಆಮೇಲೆ ಹೇಳ್ತೇವೆ ಅಂದರು. ಶಶಿಪ್ರಭಾ ಪೂರ್ತಿ ಕೇಳಿಸಿಕೊಂಡು, "ಆಣೆಗೆ ಮೊದಲು ಮನೆಯಲ್ಲಿ ಒಮ್ಮೆ ಕೇಳ್ಬೇಕಿತ್ತು ಲೋಲಾಕ್ಷಕ್ಕ," ಎಂದಳು. "ಈ ತಿಂಗಳು ಸಾತ್ವಿಕಾಳನ್ನು ನಾನೇ ಬಿಡ್ತೇನೆ." ಮರುದಿನದ ಬೆಳಗಿಗೆ ಎಂಟರಲ್ಲಿ ಐದು ಮಕ್ಕಳು ಉಳಿದರು.

ಆ ಬೆಳಿಗ್ಗೆ ಬಕೆಟು ಬಚ್ಚಲಿನಲ್ಲಿ ಬೋರಲಾಗಿಯೇ ಇತ್ತು. ಗುಡಿಯ ದಾರಿಯ ಕೆಂಪು ಧೂಳು ಗಾಡಿಯ ಮೈಮೇಲೆ ಹಾಗೆಯೇ ಕೂತಿತ್ತು. ತುಕ್ರಪ್ಪ ಎದ್ದಿದ್ದ, ಮುಖ ತೊಳೆದಿದ್ದ, ಜಗಲಿಯಲ್ಲಿ ಕೂತಿದ್ದ. ನಿನ್ನೆಯಿಂದ ಅವನು ಊಟಕ್ಕೆ, ನೀರಿಗೆ ಬಿಟ್ಟು ಬೇರೆ ಮಾತಾಡಿರಲಿಲ್ಲ. ಲೋಲಾಕ್ಷಿ ಗಾಡಿಗೆ ಒಂದು ಸುತ್ತು ಬಂದಳು. ಟಯರುಗಳೆಲ್ಲ ಸರಿಯಾಗಿದ್ದವು.

"ಹಿಂದಿನ ಎಡ ಟಯರು ಸ್ವಲ್ಪ ನೋಡಿ," ಎಂದಳು ಆದರೂ. "ಗಾಳಿ ಕಡಿಮೆ ಉಂಟಾ ಅಂತ. ನನಗೆ ಗೊತ್ತಾಗುವುದಿಲ್ಲ."

ಅವನು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮಗುಚಿ ಇಟ್ಟುಕೊಂಡಿದ್ದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೊಸದಾಗಿ ತಿಳಿದುಕೊಂಡ ಒಂದು ವಿಷಯವನ್ನು ಹೇಳುವಂತೆ ಹೇಳಿದ.

"ನೀನೇ ನೋಡು. ನಂದು ಬೇರೆ ಕೈ ಅಲ್ವಾ."

ಏಳೂ ಮುಕ್ಕಾಲಾಗಿತ್ತು. ಲೋಲಾಕ್ಷಿ ಗಾಡಿ ಹತ್ತಿ, ದಿನವೂ ಮಾಡುವಂತೆ ಹೊರಡುವ ಮೊದಲು ಪೆಡಲನ್ನು ಮೂರು ಸಲ ಒತ್ತಿ ನೋಡಿದಳು. ಬ್ರೇಕ್ ಗಟ್ಟಿಯಾಗಿತ್ತು.